ಸಿಟ್ಟಿಗೊಂದು ಗಡುವು

ಕಷಾಯ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ನೆಗಡಿ ಬಂದಾಗ ಶುಂಠಿ, ಮೆಣಸು, ಜೀರಿಗೆ ಹಾಕಿ ಕುದಿಸಿದ ನೀರು. ಜೈನಶಾಸ್ತ್ರದಲ್ಲಿ ಇದೇ ಪದ ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕಕ್ಕೆ ಸೇರಿದ ಒಟ್ಟು ಹೆಸರು. ಔಷಧಕ್ಕೂ ದೋಷಕ್ಕೂ ಒಂದೇ ಪದ ಹೇಗೆ ಹೊಂದಿತು ಎಂಬುದಕ್ಕೆ ಜೈನಾಚಾರ್ಯ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಒಂದು ಹೋಲಿಕೆಯಿಂದ ಉತ್ತರ ಕೊಡುತ್ತಾರೆ. ಆಲದ ತೊಗಟೆಯಂಥ ಒಗರು ಪದಾರ್ಥದ ರಸ ಅಂಟು ಹಿಡಿಸುವಂತೆ, ಸಿಟ್ಟು ಸೆಡವುಗಳು ಕರ್ಮವನ್ನು ಆತ್ಮಕ್ಕೆ ಅಂಟಿಸುತ್ತವೆ. ಒಗರಿಲ್ಲದ ಬಟ್ಟೆಯ ಮೇಲೆ ಬಿದ್ದ ಬಣ್ಣ ಒಂದೇ ಒಗೆತಕ್ಕೆ ಹೋಗುತ್ತದೆ. ಒಗರು ಕುಡಿದ ಬಟ್ಟೆ ಬಣ್ಣವನ್ನು ಬಿಡುವುದಿಲ್ಲ.

ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ ಇದೇ ಪದಕ್ಕೆ ಇನ್ನೊಂದು ವ್ಯುತ್ಪತ್ತಿ ಹೇಳುತ್ತದೆ. ಅದು ರೈತರಿಗೆ ನೇರ ಮುಟ್ಟುವಂಥದು. ಕಷ್ ಎಂದರೆ ಉಳುವುದು, ಗೀರುವುದು. ಜೀವದ ಕರ್ಮವೆಂಬ ಹೊಲವನ್ನು ಉತ್ತು ಸುಖದುಃಖಗಳ ಪೈರು ಬೆಳೆಸುವುದರಿಂದ ಅದು ಕಷಾಯ. ಉತ್ತ ಹೊಲ ಖಾಲಿ ಉಳಿಯುವುದಿಲ್ಲ, ಬಿತ್ತದಿದ್ದರೂ ಕಸವಾದರೂ ಏಳುತ್ತದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಎರೆಹೊಲಗಳಲ್ಲಿ ನೇಗಿಲು ಹಿಡಿದವರಿಗೆ ಈ ಮಾತಿಗೆ ವ್ಯಾಖ್ಯಾನ ಬೇಕಿಲ್ಲ.

ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ ಎಂಬ ಅರಿಷಡ್ವರ್ಗದ ಪಟ್ಟಿ ಕನ್ನಡ ಓದುಗರಿಗೆ ಹೆಚ್ಚು ಪರಿಚಿತ. ಜೈನರ ಪಟ್ಟಿ ಅದಕ್ಕಿಂತ ಚಿಕ್ಕದು. ಆದರೆ ಅದರಲ್ಲಿರುವ ಒಂದು ಹೆಸರು ಆರರ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದು ಮಾಯೆ. ಇಲ್ಲಿ ಮಾಯೆ ಎಂದರೆ ಅದ್ವೈತಿಗಳ ಜಗನ್ಮಾಯೆಯೂ ಅಲ್ಲ, ಅಲ್ಲಮನನ್ನು ಕಾಡಲು ಬಂದ ಮಾಯಾದೇವಿಯೂ ಅಲ್ಲ. ಒಳಗೊಂದು ಹೊರಗೊಂದು ಇಟ್ಟುಕೊಳ್ಳುವ ಕಪಟಕ್ಕೆ ಆ ಹೆಸರು. ಕಾಮವಾದರೋ ಮುಖ್ಯ ನಾಲ್ಕರಲ್ಲಿ ಇಲ್ಲ. ನೋಕಷಾಯ, ಅಂದರೆ ಕಿರಿಯ ಕಷಾಯಗಳು ಎಂಬ ಒಂಬತ್ತರ ಗುಂಪಿನಲ್ಲಿ ಅದಕ್ಕೆ ಜಾಗ. ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ಬಗೆಯ ಲೈಂಗಿಕ ವಾಸನೆಗಳು ಆ ಒಂಬತ್ತು. ನಗೆಯನ್ನೂ ಹದ್ದುಬಸ್ತಿನಲ್ಲಿಡಬೇಕಾದ ಭಾವವೆಂದು ಎಣಿಸಿರುವುದು ಇಂದಿನವರಿಗೆ ವಿಚಿತ್ರವೆನಿಸಬಹುದು. ಇನ್ನೊಬ್ಬರನ್ನು ಹಂಗಿಸಿ ನಗುವ ಕಟ್ಟೆಯ ಹರಟೆಯನ್ನು ಕೇಳಿದವರಿಗೆ ಅಷ್ಟು ವಿಚಿತ್ರ ಎನಿಸಲಿಕ್ಕಿಲ್ಲ.

ಈ ವಿಚಾರದ ಮೂಲಗ್ರಂಥಗಳನ್ನು ಉಳಿಸಿಕೊಟ್ಟ ನಾಡು ಕರ್ನಾಟಕ. ಗುಣಧರಾಚಾರ್ಯರ ‘ಕಷಾಯಪಾಹುಡ’ ಹೆಸರೇ ಹೇಳುವಂತೆ ಕಷಾಯಗಳನ್ನು ಕುರಿತದ್ದು. ಅದಕ್ಕೆ ವೀರಸೇನರು ಆರಂಭಿಸಿದ ‘ಜಯಧವಳಾ’ ಟೀಕೆಯನ್ನು ಅವರ ಶಿಷ್ಯ ಜಿನಸೇನರು 837ರಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಮುಗಿಸಿದರು. ಪ್ರಾಕೃತದ ಈ ಗ್ರಂಥ ಶತಮಾನಗಳ ಕಾಲ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಮೂಡಬಿದಿರೆಯಲ್ಲಿ ಉಳಿದುಬಂತು. ‘ಗೊಮ್ಮಟಸಾರ’ವಂತೂ ಶ್ರವಣಬೆಳಗೊಳದ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಗುರುವಿನ ಕೃತಿ. 1359ರಲ್ಲಿ ಕೇಶವಣ್ಣ ಅದಕ್ಕೆ ಕನ್ನಡದಲ್ಲಿಯೇ ಟೀಕೆ ಬರೆದ.

ಈ ಗ್ರಂಥಗಳು ಸಿಟ್ಟು ಕೆಟ್ಟದ್ದು ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಅದನ್ನು ಎಲ್ಲ ಧರ್ಮಗಳೂ ಹೇಳುತ್ತವೆ. ಬಂದ ಸಿಟ್ಟು ಎಷ್ಟು ಕಾಲ ಉಳಿಯುತ್ತದೆ ಎಂಬುದು ಅವುಗಳ ಪ್ರಶ್ನೆ. ಅದರ ಮೇಲೆ ನಾಲ್ಕು ಕಷಾಯಗಳಿಗೂ ನಾಲ್ಕು ನಾಲ್ಕು ದರ್ಜೆ ಮಾಡಿ ಹದಿನಾರು ಎಣಿಸುತ್ತವೆ. ನೋಕಷಾಯ ಒಂಬತ್ತು ಸೇರಿದರೆ 25. ಎಲ್ಲಕ್ಕಿಂತ ಹಗುರಾದದ್ದು ಸಂಜ್ವಲನ. ‘ಗೊಮ್ಮಟಸಾರ’ದ ಕರ್ಮಕಾಂಡದ ಪ್ರಕಾರ ಅದರ ವಾಸನೆಯ, ಎಂದರೆ ಮನಸ್ಸಿನಲ್ಲಿ ಉಳಿಯುವ ಜಾಡಿನ, ಅವಧಿ ಅಂತರ್ಮುಹೂರ್ತ, ಎಂದರೆ 48 ನಿಮಿಷದೊಳಗೆ. ಅದರ ಮೇಲಿನದು ಪ್ರತ್ಯಾಖ್ಯಾನ, ಹದಿನೈದು ದಿನ. ಅದರ ಮೇಲೆ ಅಪ್ರತ್ಯಾಖ್ಯಾನ, ಆರು ತಿಂಗಳು. ಆರು ತಿಂಗಳು ಮೀರಿ ಜನ್ಮಾಂತರಕ್ಕೂ ದಾಟಿಹೋಗುವುದು ಅನಂತಾನುಬಂಧಿ. ಶ್ವೇತಾಂಬರ ಗ್ರಂಥಗಳ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಕ್ರಮವಾಗಿ ಹದಿನೈದು ದಿನ, ನಾಲ್ಕು ತಿಂಗಳು, ಒಂದು ವರ್ಷ, ಜೀವಮಾನ. ಅಂಕಿ ಬೇರೆಯಾದರೂ ಅಳತೆಗೋಲು ಎರಡೂ ಕಡೆ ಒಂದೇ, ಕಾಲ.

ಈ ದರ್ಜೆಗಳನ್ನು ತಿಳಿಸಲು ಶಾಸ್ತ್ರಕಾರರು ಹುಡುಕಿದ ಹೋಲಿಕೆಗಳು ಮಠದ ಕೋಣೆಯಿಂದ ಬಂದವಲ್ಲ. ಕ್ರೋಧಕ್ಕೆ ನಾಲ್ಕು ಗೆರೆಗಳು, ಭಾರದ್ದರಿಂದ ಹಗುರದ್ದಕ್ಕೆ. ಬಂಡೆಯ ಮೇಲಿನ ಗೆರೆ, ನೆಲದ ಬಿರುಕು, ಧೂಳಿನ ಗೆರೆ, ನೀರಿನ ಮೇಲಿನ ಗೆರೆ. ಎರಡನೆಯದನ್ನು ಸವದತ್ತಿ, ರಾಮದುರ್ಗದ ಎರೆಭೂಮಿಯಲ್ಲಿ ಬೇಸಿಗೆಗೆ ಕಣ್ಣಾರೆ ನೋಡಬಹುದು. ಕಡಲೆ, ಜೋಳ ಕಿತ್ತ ಮೇಲೆ ಹೊಲ ಒಣಗುತ್ತ ಹೋಗಿ ಶಿವರಾತ್ರಿಯ ಹೊತ್ತಿಗೆ ಕೂದಲೆಳೆಯಂಥ ಸೀಳು ಕಾಣುತ್ತದೆ. ಯುಗಾದಿ ಕಳೆದ ಮೇಲೆ ಅದರಲ್ಲಿ ಬೆರಳು ಇಳಿಯುತ್ತದೆ. ಬಸವ ಜಯಂತಿಯ ಸುಮಾರಿಗೆ ಕೈಯೇ ಇಳಿಯುತ್ತದೆ, ದನದ ಕಾಲು ಸಿಕ್ಕಿಬೀಳುವುದೂ ಉಂಟು. ಮಣ್ಣು ಸುರಿದು ಮುಚ್ಚಲು ಹೋದವರಿಲ್ಲ. ರೋಹಿಣಿ, ಮೃಗಶಿರಾ ಮಳೆ ಎರಡು ಸಲ ಹದವಾಗಿ ಹೊಡೆದರೆ ನೆಲ ಉಬ್ಬಿ ತಾನೇ ಕೂಡಿಕೊಳ್ಳುತ್ತದೆ. ಎಲ್ಲಿ ಸೀಳಿತ್ತು ಎಂದು ಹೊಲದ ಯಜಮಾನನಿಗೂ ತೋರಿಸಲಾಗದು. ಸಂಸಾರಸ್ಥನ ಮಧ್ಯಮ ದರ್ಜೆಯ ಸಿಟ್ಟಿಗೆ ಇದಕ್ಕಿಂತ ಸರಿಯಾದ ಚಿತ್ರ ಸಿಗುವುದು ಕಷ್ಟ. ಕೆಲವು ತಿಂಗಳು ಅಣ್ಣತಮ್ಮಂದಿರ ನಡುವೆ ಮಾತು ನಿಂತಿರುತ್ತದೆ. ಮನೆಯಲ್ಲೊಂದು ಮದುವೆ ಬಂದರೆ ಕೂಡಿಕೊಳ್ಳುತ್ತದೆ. ಬದುವಿನ ಜಗಳ ಕೋರ್ಟು ಸೇರಿ ಮೊಮ್ಮಕ್ಕಳವರೆಗೆ ನಡೆದರೆ ಅದು ಬಂಡೆಯ ಗೆರೆ.

ಮಾನಕ್ಕೆ ಕೊಟ್ಟ ಹೋಲಿಕೆಗಳು ಬಾಗುವ ಗುಣದವು. ಕಲ್ಲಿನ ಕಂಬ ಮುರಿದರೂ ಬಾಗದು, ಎಲುಬು ಬಾಗುವುದು ಅಪರೂಪ, ಕಟ್ಟಿಗೆ ಎಣ್ಣೆ ಬೆಂಕಿ ಕಂಡರೆ ಬಾಗುತ್ತದೆ, ಬೆತ್ತ ಹಿಡಿದ ಹಾಗೆ ಬಾಗುತ್ತದೆ. ಕಪಟಕ್ಕೆ ಸೊಟ್ಟತನವೇ ಅಳತೆ. ಬಿದಿರಿನ ಬೇರು ಎಲ್ಲಕ್ಕಿಂತ ಸಿಕ್ಕು, ಆಮೇಲೆ ಟಗರಿನ ಕೋಡು, ನಡೆಯುತ್ತ ಹೋದ ಎತ್ತು ಉಚ್ಚೆ ಹೊಯ್ದ ಗೆರೆ, ಕೊನೆಗೆ ಕುರ್ಪಿಯ ಸಣ್ಣ ಡೊಂಕು. ಲೋಭ ಅಂಟುವಂಥದಾದ್ದರಿಂದ ಅದಕ್ಕೆ ಬಣ್ಣ ಮತ್ತು ಜಿಡ್ಡು. ಕಿರಮಂಜಿಯ ಕೆಂಪು ಬಟ್ಟೆ ಹರಿದರೂ ಹೋಗದು, ಬಂಡಿಯ ಅಚ್ಚಿನ ಕೀಲೆಣ್ಣೆಯ ಕಲೆ ಹೆಣಗಿದರೆ ಹೋಗುತ್ತದೆ, ಮೈಕೊಳೆ ಜಳಕಕ್ಕೆ ಹೋಗುತ್ತದೆ, ಅರಿಸಿನ ಬಿಸಿಲಿಗೆ ಹಿಡಿದರೆ ತಾನೇ ಹಾರುತ್ತದೆ.

ಈ ವಿಂಗಡಣೆಯಿಂದ ಸಾಧನೆಗೆ ಒಂದು ಕೈಗೆಟುಕುವ ಗುರಿ ಸಿಗುತ್ತದೆ. ಸಿಟ್ಟೇ ಬರಬಾರದು ಎಂಬ ಆಜ್ಞೆಯನ್ನು ಯಾರೂ ಪಾಲಿಸಲಾರರು. ಬಂದ ಸಿಟ್ಟನ್ನು ಆರು ತಿಂಗಳಿನಿಂದ ಹದಿನೈದು ದಿನಕ್ಕೆ, ಹದಿನೈದು ದಿನದಿಂದ ಒಂದು ಹೊತ್ತಿಗೆ ಇಳಿಸುವುದು ಅಭ್ಯಾಸದಿಂದ ಆಗುವ ಕೆಲಸ. ಮಾನವನ್ನು ಕಂಬದಿಂದ ಬೆತ್ತಕ್ಕೆ ತರುವುದೂ ಹಾಗೆಯೇ. ಅನಂತಾನುಬಂಧಿ ಇರುವವರೆಗೆ ಸಮ್ಯಕ್‌ದೃಷ್ಟಿ ಹುಟ್ಟುವುದಿಲ್ಲ. ಅಪ್ರತ್ಯಾಖ್ಯಾನ ಇರುವವರೆಗೆ ಶ್ರಾವಕನ, ಎಂದರೆ ಗೃಹಸ್ಥನ, ಅಣುವ್ರತ ನಿಲ್ಲುವುದಿಲ್ಲ. ಪ್ರತ್ಯಾಖ್ಯಾನ ಉಳಿದರೆ ಮುನಿಯ ಮಹಾವ್ರತ ಬರುವುದಿಲ್ಲ. ಮುನಿಯಲ್ಲೂ ಸಂಜ್ವಲನ ಇರುತ್ತದೆ ಎಂದು ಶಾಸ್ತ್ರ ಒಪ್ಪಿಕೊಳ್ಳುತ್ತದೆ. ಮುನಿಗಳಿಗೆ ಸಿಟ್ಟು ಬಂತೆಂದು ಮೂಗಿನ ಮೇಲೆ ಬೆರಳಿಡುವ ಭಕ್ತರು ಈ ಭಾಗವನ್ನು ಓದಿರುವುದಿಲ್ಲ.

ಗಡುವು ಹಾಕಿದ ಮೇಲೆ ಅದನ್ನು ತಪಾಸಣೆ ಮಾಡುವ ದಿನವೂ ಬೇಕು. ಅದಕ್ಕಾಗಿ ಇರುವುದು ಪ್ರತಿಕ್ರಮಣ, ಎಂದರೆ ಹೆಜ್ಜೆ ತಪ್ಪಿದಲ್ಲಿಂದ ಹಿಂದಿರುಗುವುದು. ಹಗಲಿನ ತಪ್ಪಿಗೆ ಸಂಜೆ, ಇರುಳಿನ ತಪ್ಪಿಗೆ ಬೆಳಿಗ್ಗೆ, ಹದಿನೈದು ದಿನಕ್ಕೊಮ್ಮೆ ಪಾಕ್ಷಿಕ, ನಾಲ್ಕು ತಿಂಗಳಿಗೊಮ್ಮೆ ಚಾತುರ್ಮಾಸಿಕ, ವರ್ಷಕ್ಕೊಮ್ಮೆ ಸಾಂವತ್ಸರಿಕ. ಶ್ವೇತಾಂಬರರು ಹೇಳುವ ಕಷಾಯದ ಅವಧಿಗಳನ್ನು ಈ ಪಟ್ಟಿಯ ಪಕ್ಕಕ್ಕಿಟ್ಟರೆ ಎರಡೂ ತಾಳೆಯಾಗುತ್ತವೆ. ಒಂದು ದರ್ಜೆಯ ಸಿಟ್ಟು ಮುಂದಿನ ದರ್ಜೆಗೆ ಜಾರುವ ದಿನವೇ ಲೆಕ್ಕ ಮುಗಿಸಬೇಕಾದ ದಿನ. ಖಾತೆ ಕಿರ್ದಿ ಬರೆದು ಬದುಕಿದ ವ್ಯಾಪಾರಿ ಸಮುದಾಯಕ್ಕೆ ಇಂಥ ವ್ಯವಸ್ಥೆ ಒಗ್ಗಿದ್ದರಲ್ಲಿ ಅಚ್ಚರಿಯಿಲ್ಲ.

ದಿನದ ಅಭ್ಯಾಸ ಸಾಮಾಯಿಕ. ಗೃಹಸ್ಥ ಒಂದು ಜಾಗ ನಿಶ್ಚಯಿಸಿ, ಇಷ್ಟು ಹೊತ್ತು ಏಳುವುದಿಲ್ಲ ಎಂದು ಸಂಕಲ್ಪಿಸಿ ಕೂಡುತ್ತಾನೆ ಇಲ್ಲವೇ ನಿಲ್ಲುತ್ತಾನೆ. ಎರಡು ಗಳಿಗೆ, 48 ನಿಮಿಷ ರೂಢಿಯ ಅವಧಿ. ಅಷ್ಟು ಹೊತ್ತು ಲಾಭನಷ್ಟ, ಬಂಧು ಶತ್ರು ಎಲ್ಲ ಸಮ. ಸಂಜ್ವಲನದ ಮೇರೆ ಕೂಡ ಇದೇ ಮುಹೂರ್ತ. ಒಂದು ಸಾಮಾಯಿಕ ಮುಗಿಸಿ ಏಳುವ ಹೊತ್ತಿಗೆ ಕುಳಿತಾಗ ಇದ್ದ ಸಿಟ್ಟು ಇಲ್ಲವೆಂದರೆ, ಅಷ್ಟು ಹೊತ್ತಿನ ಮಟ್ಟಿಗೆ ಆ ಗೃಹಸ್ಥ ಮುನಿಯ ಹತ್ತಿರ ಬಂದಿದ್ದಾನೆ.

ಉಳಿದ ಕಟ್ಟುಪಾಡು ಅಡುಗೆಮನೆಯಲ್ಲಿ ನಡೆಯುತ್ತದೆ. ವ್ರತ ಹಿಡಿದ ಮನೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲ. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವಂತಿಲ್ಲ. ಹೊತ್ತು ಮುಳುಗುವ ಮೊದಲೇ ಊಟ ಆಗಬೇಕು. ಜೀವಹಿಂಸೆ ತಪ್ಪಿಸುವುದು ಇವುಗಳಿಗೆ ಹೇಳುವ ಕಾರಣ. ನಾಲಿಗೆಗೆ ಬೇಕಾದಾಗ ಬೇಕಾದದ್ದು ಸಿಗದಂತೆ ಮಾಡುವುದು ಕೈಗೂಡುವ ಇನ್ನೊಂದು ಫಲ. ಲೋಭಕ್ಕೆ ನೇರ ಮದ್ದು ಪರಿಗ್ರಹ ಪರಿಮಾಣ ವ್ರತ. ಇಷ್ಟು ಹೊಲ, ಇಷ್ಟು ಮನೆ, ಇಷ್ಟು ಬಂಗಾರ, ಇದಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ ಎಂದು ಮೊದಲೇ ಅಂಕಿ ಕಟ್ಟಬೇಕು. ಐದು ಅಣುವ್ರತಗಳಲ್ಲಿ ಪಾಲಿಸಲು ಕಠಿಣವಾದದ್ದು ಇದೇ ಇರಬೇಕು. ಅಂಕಿಯನ್ನು ಆರಂಭದಲ್ಲಿಯೇ ದೊಡ್ಡದಾಗಿ ಕಟ್ಟಿಕೊಳ್ಳುವ ಜಾಣತನಕ್ಕೆ ಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ, ಮಾಯೆ.

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ಹತ್ತು ದಿನ ದಶಲಕ್ಷಣ ಪರ್ವ. ದಿನಕ್ಕೊಂದು ಧರ್ಮದಂತೆ ಬಸದಿಗಳಲ್ಲಿ ಪೂಜೆ, ಪ್ರವಚನ ನಡೆಯುತ್ತದೆ. ಮೊದಲ ನಾಲ್ಕು ದಿನಗಳ ಧರ್ಮಗಳು ಕ್ಷಮೆ, ಮಾರ್ದವ, ಆರ್ಜವ, ಶೌಚ. ಕ್ರೋಧಕ್ಕೆ ಕ್ಷಮೆ, ಮಾನಕ್ಕೆ ಮೃದುತ್ವ, ಕಪಟಕ್ಕೆ ನೇರತನ, ಲೋಭಕ್ಕೆ ಶುಚಿತ್ವ ಎಂದು ನಾಲ್ಕೂ ಮದ್ದುಗಳು ಸಾಲಾಗಿ ಬರುತ್ತವೆ. ಶೌಚ ಎಂದರೆ ಇಲ್ಲಿ ಮೈ ತೊಳೆಯುವುದಲ್ಲ, ಆಸೆ ತೊಳೆಯುವುದು. ಪರ್ವ ಮುಗಿದ ಮೇಲೆ ಕ್ಷಮಾವಣಿ. ಗಂಡ ಹೆಂಡಿರು, ಅತ್ತೆ ಸೊಸೆ, ಅಂಗಡಿಯ ಯಜಮಾನ ಮತ್ತು ಆಳು ಪರಸ್ಪರ ಕೈಮುಗಿದು ವರ್ಷದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಈಗ ಬಹುಪಾಲು ಕ್ಷಮೆಯಾಚನೆ ವಾಟ್ಸ್ಯಾಪ್‌ನಲ್ಲಿ ಒಂದೇ ಚಿತ್ರವಾಗಿ ಇನ್ನೂರು ಜನಕ್ಕೆ ಹೋಗುತ್ತದೆ. ನಿಜವಾಗಿ ಜಗಳವಾಡಿದ ಒಬ್ಬನ ಮನೆಯ ಮೆಟ್ಟಿಲು ಹತ್ತುವುದು ಇನ್ನೂ ಅಷ್ಟೇ ಕಷ್ಟದ ಕೆಲಸ.

ಮುನಿಗಳ ಕಟ್ಟುಪಾಡು ಇನ್ನೂ ಬಿಗಿ. ದಿಗಂಬರ ಮುನಿಗೆ 28 ಮೂಲಗುಣಗಳು. ಬಟ್ಟೆ ಇಲ್ಲ, ಸ್ನಾನ ಇಲ್ಲ, ಹಲ್ಲುಜ್ಜುವುದಿಲ್ಲ, ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ತಲೆ, ಗಡ್ಡದ ಕೂದಲನ್ನು ಕೈಯಿಂದಲೇ ಕೀಳುವ ಕೇಶಲೋಚ. ದಿನಕ್ಕೆ ಒಂದೇ ಊಟ, ಅದೂ ನಿಂತು, ಬೊಗಸೆಯಲ್ಲಿ. ಆ ಊಟಕ್ಕೆ ಹೊರಡುವ ಮುನ್ನ ಮುನಿ ಮನಸ್ಸಿನಲ್ಲೇ ಒಂದು ನಿಯಮ ಮಾಡಿಕೊಳ್ಳುವುದುಂಟು. ಇಂಥ ಬೀದಿ, ಬಾಗಿಲಲ್ಲಿ ದಂಪತಿ, ಒಬ್ಬರ ಕೈಯಲ್ಲಿ ತೆಂಗಿನಕಾಯಿ, ಇನ್ನೊಬ್ಬರ ಕೈಯಲ್ಲಿ ಕಲಶ ಕಂಡರೆ ಮಾತ್ರ ಆಹಾರ ಎಂದು. ಇದು ವೃತ್ತಿಪರಿಸಂಖ್ಯಾನ ಎಂಬ ತಪಸ್ಸು.

ಆ ಹೊತ್ತಿನ ಬೀದಿಯನ್ನು ನೋಡಬೇಕು. ಬೆಳಗಿನಿಂದ ಮಡಿಯಲ್ಲಿ ಅಡುಗೆ ಮಾಡಿ, ನೀರು ಕಾಯಿಸಿ ಆರಿಸಿ ಇಟ್ಟ ಮನೆಯವರು ಬಾಗಿಲಲ್ಲಿ ನಿಂತಿರುತ್ತಾರೆ. ಬಲಗೈಯ ಬೆರಳು ಮಡಚಿ ಹೆಗಲಿಗಿಟ್ಟುಕೊಂಡು ಮುನಿ ಬರುತ್ತಾರೆ. ಎರಡೂ ಬದಿಯಿಂದ ನಮೋಸ್ತು, ನಿಲ್ಲಿ ನಿಲ್ಲಿ ಎಂಬ ಕೂಗು. ಯಾವ ಮನೆಗೂ ಮುನಿಯ ನಿಯಮ ಗೊತ್ತಿಲ್ಲ, ಕೇಳುವಂತಿಲ್ಲ. ಹೊಂದಿದರೆ ನಿಂತುಬಿಡುತ್ತಾರೆ. ಮನೆಯವರು ಮೂರು ಸುತ್ತು ಬಂದು ಒಳಗೆ ಕರೆದು ಪಾದ ತೊಳೆಯುತ್ತಾರೆ. ಹೊಂದದಿದ್ದರೆ ಬೀದಿಯ ಕೊನೆಯವರೆಗೆ ಹೋಗಿ ಬಸದಿಗೆ ಮರಳುತ್ತಾರೆ, ಅಂದು ಉಪವಾಸ. ಊಟದ ನಡುವೆ ಬೊಗಸೆಯಲ್ಲೊಂದು ಕೂದಲು, ಒಂದು ಇರುವೆ ಕಂಡರೂ ಅಂತರಾಯ, ಕೈ ತೊಳೆದು ಹೊರಡುವುದೇ. ಬಡಿಸುತ್ತಿದ್ದವರು ಕಣ್ಣೀರು ಹಾಕುತ್ತಾರೆ. ಹಸಿದ ಮುನಿ ಹಾಕುವಂತಿಲ್ಲ, ಮುಖ ಸಿಂಡರಿಸುವಂತೆಯೂ ಇಲ್ಲ. ಕಷಾಯದ ಪರೀಕ್ಷೆ ನಡೆಯುವುದು ಆ ಅರೆನಿಮಿಷದಲ್ಲಿ. ಚಿಕ್ಕೋಡಿ ಭಾಗದ ಸದಲಗಾದಲ್ಲಿ 1946ರಲ್ಲಿ ಹುಟ್ಟಿ 2024ರಲ್ಲಿ ಡೊಂಗರಗಢದಲ್ಲಿ ದೇಹಬಿಟ್ಟ ಆಚಾರ್ಯ ವಿದ್ಯಾಸಾಗರರು ಉಪ್ಪು, ಸಕ್ಕರೆಗಳನ್ನು ಕಾಯಮ್ಮಾಗಿ ಬಿಟ್ಟಿದ್ದರು. ಹೀಗೆ ರಸ ಬಿಡುವುದೂ ಹೊರಗಿನ ಆರು ತಪಸ್ಸುಗಳಲ್ಲೊಂದು. ಪ್ರಾಯಶ್ಚಿತ್ತ, ವಿನಯ, ಸೇವೆ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಒಳಗಿನ ಆರು. ಒಳಗಿನದಕ್ಕೆ ಒದಗದ ಹೊರಗಿನ ತಪಸ್ಸು ಮೈ ಸವೆಸುವುದಷ್ಟೇ. ಉಪವಾಸದ ಎಣಿಕೆಯಿಂದ ಮಾನ ಬೆಳೆಯುವ ಅಪಾಯವನ್ನೂ ಶಾಸ್ತ್ರ ಮರೆತಿಲ್ಲ.

ವಿದ್ಯಾಸಾಗರರು ಹುಟ್ಟಿದ ಬೆಳಗಾವಿ ರಾಜ್ಯದಲ್ಲಿ ಅತಿ ಹೆಚ್ಚು ಜೈನರಿರುವ ಜಿಲ್ಲೆ. ಅವರಲ್ಲಿ ಹೆಚ್ಚಿನವರು ಚಿಕ್ಕೋಡಿ, ಅಥಣಿ, ರಾಯಬಾಗದ ಕಡೆಯ ಒಕ್ಕಲುತನದವರು. ಮಲಪ್ರಭೆಯ ಸೀಮೆಯಲ್ಲಿ ಈಗ ಸಂಖ್ಯೆ ಕಡಿಮೆ. ಒಂದು ಕಾಲಕ್ಕೆ ಹಾಗಿರಲಿಲ್ಲ. ಸವದತ್ತಿ ಎಂದರೆ ಇಂದು ಎಲ್ಲಮ್ಮನ ಗುಡ್ಡ. ಸಾವಿರ ವರ್ಷದ ಹಿಂದೆ ಅದು ಸುಗಂಧವರ್ತಿ, ಜೈನ ಮತಕ್ಕೆ ಆಶ್ರಯ ಕೊಟ್ಟ ರಟ್ಟ ಅರಸರ ರಾಜಧಾನಿ. 875ರ ಕಾಲಮಾನವಿರುವ ಶಾಸನ ಆ ವಂಶದ ಪೃಥ್ವೀರಾಮ ಅಲ್ಲಿ ಜಿನಾಲಯ ಕಟ್ಟಿಸಿದ್ದನ್ನು ಹೇಳುತ್ತದೆ. 980ರಲ್ಲಿ ಶಾಂತಿವರ್ಮ ತಾನು ಕಟ್ಟಿಸಿದ ಬಸದಿಗೆ 150 ಮತ್ತರು ಭೂಮಿ ಬಿಟ್ಟ. ಅದೇ ಸೀಮೆಯ ಹೂಲಿಯ 1044ರ ಶಾಸನದಲ್ಲಿ ಬಾಲಚಂದ್ರ ಭಟ್ಟಾರಕರ ಹೆಸರಿದೆ. ಬೈಲಹೊಂಗಲ, ಕಿತ್ತೂರು ಸೀಮೆಯ ಕಲ್ಭಾವಿ, ಹಣ್ಣಿಕೇರಿಗಳ ಶಾಸನಗಳಲ್ಲಿ ಮೈಳಾಪ ಅನ್ವಯ, ಕಾರೇಯ ಗಣ ಎಂಬ ಮುನಿಪರಂಪರೆಯ ಗುರುಗಳು ಬರುತ್ತಾರೆ. ಇವರಲ್ಲಿ ಹೆಚ್ಚಿನವರು ಯಾಪನೀಯ ಸಂಘದವರು. ದಿಗಂಬರರಂತೆ ಬತ್ತಲೆ ಇರುತ್ತಿದ್ದರು, ಶ್ವೇತಾಂಬರರಂತೆ ಹೆಂಗಸರಿಗೂ ಮೋಕ್ಷವಿದೆ ಎನ್ನುತ್ತಿದ್ದರು. ಈ ನಡುದಾರಿಯ ಪಂಥ ಕರ್ನಾಟಕದಲ್ಲಿ ಬಾಳಿ ಇಲ್ಲಿಯೇ ಕರಗಿಹೋಯಿತು.

ರಟ್ಟರ ಸಂಗತಿಯಲ್ಲಿ ಒಂದು ತೊಡಕು ಕಾಣುತ್ತದೆ. ಸವದತ್ತಿಯ 1228ರ ಶಾಸನ ನಾಲ್ಕನೆಯ ಕಾರ್ತವೀರ್ಯ, ಇಮ್ಮಡಿ ಲಕ್ಷ್ಮೀದೇವರ ರಾಜಗುರು ಮುನಿಚಂದ್ರನನ್ನು ಶಾಸ್ತ್ರದಲ್ಲಿ ಮಾತ್ರವಲ್ಲ, ಶಸ್ತ್ರದಲ್ಲೂ ನಿಪುಣನೆಂದು, ರಟ್ಟರಾಜ್ಯವನ್ನು ನೆಲೆಗೊಳಿಸಿದವನೆಂದು ಕೊಂಡಾಡುತ್ತದೆ. ಕಷಾಯ ಕಳೆಯಬೇಕಾದ ಗುರು ರಾಜ್ಯ ಉಳಿಸುವ ಕೆಲಸಕ್ಕೆ ನಿಂತದ್ದನ್ನು ಆ ಕಾಲ ತಪ್ಪೆಂದು ನೋಡಲಿಲ್ಲ. ಗೃಹಸ್ಥನಿಗೆ ಆತ್ಮರಕ್ಷಣೆಯ ಹಿಂಸೆಯನ್ನು ಜೈನಶಾಸ್ತ್ರ ಪೂರ್ತಿ ನಿಷೇಧಿಸುವುದಿಲ್ಲ ಎಂಬುದು ಒಂದು ಸಮಾಧಾನ. ಆದರೂ ಆದರ್ಶಕ್ಕೂ ಅರಮನೆಗೂ ನಡುವೆ ಅಂತರ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಯಾಪನೀಯರಿಗೆ ಸೇರಿದ್ದೆಂದು ಅನೇಕ ವಿದ್ವಾಂಸರು ಹೇಳುವ ಪ್ರಾಕೃತ ಗ್ರಂಥ ಶಿವಾರ್ಯರ ‘ಭಗವತೀ ಆರಾಧನಾ’. ಅದರ ಕಥೆಗಳನ್ನು ಹಿಡಿದು ಬೆಳೆದದ್ದು ಕನ್ನಡದ ಹಳೆಯ ಗದ್ಯಕೃತಿ ‘ವಡ್ಡಾರಾಧನೆ’. ಅದರ 19 ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯದು. ಹಿಂದಿನ ಒಂದು ಜನ್ಮದಲ್ಲಿ ವಾಯುಭೂತಿ ಸಿಟ್ಟಿನ ಭರದಲ್ಲಿ ಅತ್ತಿಗೆಯನ್ನು ಒದೆಯುತ್ತಾನೆ. ಒದ್ದ ಕಾಲನ್ನೇ ತಿನ್ನುತ್ತೇನೆಂದು ಆಕೆ ಹಗೆ ಕಟ್ಟಿಕೊಳ್ಳುತ್ತಾಳೆ. ಜನ್ಮಗಳು ಉರುಳುತ್ತವೆ. ಆತ ಉಜ್ಜಯಿನಿಯಲ್ಲಿ ಸಾಸಿವೆ ಕಾಳು ಒತ್ತಿದರೂ ನೋಯುವಷ್ಟು ಮೆತ್ತಗೆ ಬೆಳೆದ ಸುಕುಮಾರನಾಗಿ, ಕೊನೆಗೆ ಮುನಿಯಾಗಿ ಕಾಡಿನಲ್ಲಿ ನಿಂತಾಗ, ನರಿಯಾಗಿ ಹುಟ್ಟಿದ ಆಕೆ ಮರಿಗಳೊಡನೆ ಬಂದು ಕಾಲಿನಿಂದ ತಿನ್ನತೊಡಗುತ್ತಾಳೆ. ಒಂದೇ ಕ್ಷಣದ ಒದೆತ, ಅದರ ಹಗೆ ಜನ್ಮಾಂತರಗಳದ್ದು. ಬಂಡೆಯ ಗೆರೆ ಎಂದರೆ ಏನೆಂದು ಶಾಸ್ತ್ರದ ಸೂತ್ರಕ್ಕಿಂತ ಈ ಕಥೆ ಚೆನ್ನಾಗಿ ಕಾಣಿಸುತ್ತದೆ. ಮೂರು ದಿನ ನೋವುಂಡೂ ಸುಕುಮಾರ ಮರುಸಿಟ್ಟು ತಾಳುವುದಿಲ್ಲ. ಸರಪಳಿ ಅಲ್ಲಿಗೆ ಕಡಿಯುತ್ತದೆ.

ಸಿಟ್ಟನ್ನು ಅದುಮುವುದೂ ಕಳೆಯುವುದೂ ಒಂದೇ ಅಲ್ಲ ಎಂಬುದನ್ನು ಜೈನ ತತ್ತ್ವ ಬಹಳ ಒತ್ತಿ ಹೇಳುತ್ತದೆ. ಅದುಮುವುದು ಉಪಶಮ, ಕಳೆಯುವುದು ಕ್ಷಯ. ಇದಕ್ಕೆ ಪೂಜ್ಯಪಾದರ ಹೋಲಿಕೆ ಕೊಡದ ನೀರು. ಮಳೆಗಾಲದಲ್ಲಿ ಮಲಪ್ರಭೆ ಮಣ್ಣು ಹೊತ್ತು ಹರಿಯುವಾಗ ಒಂದು ಕೊಡ ತುಂಬಿ ಕತಕದ ಬೀಜ ತೇಯ್ದು ಹಾಕಿದರೆ ಕೆಸರು ತಳ ಹಿಡಿದು ಮೇಲಿನ ನೀರು ತಿಳಿಯಾಗುತ್ತದೆ. ಕೊಡ ಅಲುಗಿದರೆ ಮತ್ತೆ ಕದಡುತ್ತದೆ. ತಿಳಿಯನ್ನು ಬೇರೆ ಕೊಡಕ್ಕೆ ಬಗ್ಗಿಸಿಕೊಂಡರೆ ಕದಡಲು ಏನೂ ಇರುವುದಿಲ್ಲ. ಆತ್ಮದ ಹದಿನಾಲ್ಕು ಮೆಟ್ಟಿಲುಗಳಾದ ಗುಣಸ್ಥಾನಗಳಲ್ಲಿ ಹನ್ನೊಂದನೆಯದು ಕೆಸರು ತಳ ಹಿಡಿದ ಕೊಡ. ಅಷ್ಟು ಎತ್ತರ ಹತ್ತಿದವನೂ ಅಲ್ಲಿಂದ ಜಾರಲೇಬೇಕು. ಕ್ಷಯದ ದಾರಿ ಹಿಡಿದವನು ಆ ಮೆಟ್ಟಿಲನ್ನು ಮುಟ್ಟದೆ ಹತ್ತರಿಂದ ಹನ್ನೆರಡಕ್ಕೆ ಹೋಗುತ್ತಾನೆ. ಹತ್ತನೆಯದರಲ್ಲಿ ಕ್ರೋಧ, ಮಾನ, ಮಾಯೆ ಮೂರೂ ಹೋಗಿ ಸೂಕ್ಷ್ಮ ಲೋಭವೊಂದು ಉಳಿದಿರುತ್ತದೆ. ಎಲ್ಲಕ್ಕಿಂತ ಗದ್ದಲ ಮಾಡುವ ಸಿಟ್ಟು ಮೊದಲು ಹೋಗುತ್ತದೆ, ಸದ್ದಿಲ್ಲದ ಆಸೆ ಕೊನೆಗೆ.

ಕೊನೆಯ ಸಾಧನೆ ಸಲ್ಲೇಖನ, ಎಂದರೆ ಅನ್ನಪಾನ ಬಿಡುತ್ತ ಸಾವನ್ನು ಎದುರುಗೊಳ್ಳುವ ವ್ರತ. ಲೇಖನ ಎಂದರೆ ಇಲ್ಲಿ ತೆಳುಮಾಡುವುದು. ಕಾಯವನ್ನು ತೆಳುಮಾಡುವುದು ಹೊರಗಿನ ಸಲ್ಲೇಖನ, ಕಷಾಯವನ್ನು ತೆಳುಮಾಡುವುದು ಒಳಗಿನದು. ಒಳಗಿನದಿಲ್ಲದೆ ಹೊರಗಿನದಕ್ಕೆ ಬೆಲೆಯಿಲ್ಲ ಎಂಬುದು ‘ಭಗವತೀ ಆರಾಧನಾ’ದ ನಿಲುವು. ಬೆಳಗಾವಿ ಜಿಲ್ಲೆಯ ಭೋಜದವರಾದ ಆಚಾರ್ಯ ಶಾಂತಿಸಾಗರರು 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ ಪಡೆದು, ಕ್ಷೀಣಿಸಿದ್ದ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟವರು. ಕಣ್ಣಿನ ಶಕ್ತಿ ಕುಂದಿ, ನಡೆಯುವಾಗ ಜೀವಿಗಳನ್ನು ಕಾಪಾಡಲಾಗದ ಸ್ಥಿತಿ ಬಂದಾಗ ಸಲ್ಲೇಖನ ಹಿಡಿದು, ಐದು ವಾರಗಳ ಬಳಿಕ 1955ರ ಸೆಪ್ಟೆಂಬರ್ 18ರಂದು ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ ದೇಹಬಿಟ್ಟರು. ಸಲ್ಲೇಖನ ಆತ್ಮಹತ್ಯೆಯೇ ಎಂಬ ಪ್ರಶ್ನೆ ಕೋರ್ಟಿಗೂ ಹೋಯಿತು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಹೌದೆಂದಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಆತ್ಮಹತ್ಯೆಯಲ್ಲಿ ಕಷಾಯ ಉಕ್ಕಿರುತ್ತದೆ, ಸಲ್ಲೇಖನದಲ್ಲಿ ಅದು ಆರಿರಬೇಕು ಎಂಬುದು ಜೈನರ ವಾದ.

ಹೀಗೆ ಸಮಾಧಿಮರಣ ಪಡೆದವರ ನೆನಪಿಗೆ ನಿಲ್ಲಿಸುವ ಕಲ್ಲಿಗೆ ನಿಷಿಧಿ ಎಂದು ಹೆಸರು. ಸವದತ್ತಿ ತಾಲ್ಲೂಕಿನ ಮುನವಳ್ಳಿಯ ಒಂದು ಶಾಸನ ಯಾಪನೀಯ ಮುನಿಚಂದ್ರದೇವರ ನಿಷಿಧಿಯದು. ಸಿರಿಯಾದೇವಿ ಎಂಬಾಕೆ ಕಟ್ಟಿಸಿದ ಬಸದಿಯ ಆಚಾರ್ಯರು ಅವರು. ಅವರ ಶಿಷ್ಯ ಪಾಲ್ಯಕೀರ್ತಿಯೂ ಸಮಾಧಿಮರಣ ಪಡೆದದ್ದನ್ನು ಅದೇ ಊರಿನ ಶಾಸನ ದಾಖಲಿಸಿದೆ.